ಎಳೆ ಹಿಮದ ಇಳಿಜಾರು

ನವೆಂಬರ್ 3, ಸೋಮವಾರ, ಬೆಳಿಗ್ಗೆ 10.40. ಅವಲಪಲ್ಲಿಯ ನಾಗವೇಣಿ ಹೊಸೂರು ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಲಕ್ಷ್ಮೀಪತಿಯವರ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ದೀಪಾವಳಿ ರಜೆಯಲ್ಲಿ ಕಾರ್ಖಾನೆಯ ಗೆಳೆಯರ ಜೊತೆ ಹಿಮಾಚಲಕ್ಕೆ ಚಾರಣ ಹೋಗಿದ್ದ ಅವರ ಗಂಡ ಭೈರೇಶ್, ಅಕ್ಟೋಬರ್ 23ರಂದು ಹಿಮಕುಸಿತದಲ್ಲಿ ಸತ್ತಿದ್ದ. ಕಾಗದ ಅಲ್ಲಿನ ಪೊಲೀಸರ ವರದಿಯ ಪ್ರತಿ.

“ಎಚ್ಚರಿಕೆ ಕೊಟ್ರೂ ಕೇಳ್ದೆ ಹೋದ ಅಂತ ಬರ್ದವ್ರೆ ಸಾರ್. ಮೆಟ್ಲು ಇಳಿಯೋವಾಗ್ಲೂ ಗೋಡೆ ಹಿಡ್ಕೊಳೋ ಮನುಷ್ಯ. ನನ್ ಮಗಳು ದೊಡ್ಡೋಳಾಗಿ ಇದನ್ನ ಓದ್ಬೇಕಾ?”

“ಯಾರು ಹಂಗಂತ ಹೇಳಿಕೆ ಕೊಟ್ಟಿದ್ದು?”

“ತಂಡದ ಲೀಡರ್ರು. ಯುವರಾಜ್.”

ಬೇರೆ ಠಾಣೆಯ ವ್ಯಾಪ್ತಿಯ ಪ್ರಕರಣಕ್ಕೆ ಹಾಕುವ ಶೂನ್ಯ ಎಫ್‌ಐಆರ್ ದಾಖಲಾಗಿ ಹಿಮಾಚಲಕ್ಕೆ ಹೋಯಿತು. ಇಲ್ಲಿನ ಸಾಕ್ಷ್ಯ ಸಂಗ್ರಹಿಸಿ ಎಂಬ ಕೋರಿಕೆ ಗುರುವಾರ ಬಂತು. ಶುಕ್ರವಾರ ಕಾನ್‌ಸ್ಟೇಬಲ್ ಆವುಲಪ್ಪ ಅದೇ ತಂಡದ ತಿಲಕ್‌ನನ್ನು ಕರೆತಂದ. ಲಕ್ಷ್ಮೀಪತಿ ಕೇಳಿದರು:

“ಗೈಡು ಎಚ್ಚರಿಕೆ ಕೊಟ್ನಾ?”

“ಹಿಂದೀಲಿ ಏನೋ ಹೇಳ್ದ ಸಾರ್. ಯುವರಾಜ್ ಪುಣೇಲಿದ್ದೋನು, ಅವನೇ ನಮ್ಗೆ ಕನ್ನಡದಾಗೆ ಹೇಳ್ದ.”

ಹೊಸೂರಿನವರಿಗೆ ಕನ್ನಡ, ತಮಿಳು, ತೆಲುಗು ಮೂರು ಭಾಷೆ ಬರುತ್ತದೆ. ಮೂರರಲ್ಲೂ ಸೊಗಸಾಗಿ ಬೈಯಲು ಬರುತ್ತದೆ. ಹಿಂದಿ ಮಾತ್ರ ಆ ತಂಡದಲ್ಲಿ ಒಬ್ಬನಿಗೇ ಬರುತ್ತಿತ್ತು.

“ಗೈಡು ಜೊತೇಲಿ ಯಾಕೆ ಬರ್ಲಿಲ್ಲ?”

“ಕಾಲು ನೋವಂತೆ. ಅದೂ ಯುವರಾಜೇ ಹೇಳಿದ್ದು.”

ತಿಲಕ್‌ನ ಮೊಬೈಲಿನಲ್ಲಿ, ಅವತ್ತು ಅಲ್ಲೇ ಸ್ಟೇಟಸ್ಸಿಗೆಂದು ತೆಗೆದ ಎರಡು ನಿಮಿಷದ ವಿಡಿಯೊ ಇತ್ತು. ಸಂಜೆ 4.15ಕ್ಕೆ ಜೂಜುವಾಡಿಯ ಡಾಬಾದಿಂದ ಹಿಮಾಚಲದ ಅಡುಗೆಯವನನ್ನು ಕರೆಸಿ, ಇಬ್ಬರು ಪಂಚರ ಎದುರು ಅದನ್ನು ಹಾಕಿದರು. ಅಡುಗೆಯವನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದ.

“ಗೈಡು ಹೇಳ್ತಾನೆ, ಮೊದಲ ಹಿಮ ತೆಳು. ಚಳಿಗೆ ಸಕ್ಕರೆ ಥರ ಆಗಿದೆ, ಅಂಟಲ್ಲ. ಅದರ ಮೇಲೆ ಗಾಳಿ ತಂದ ಹೊಸ ಹಿಮ, ಹಲಗೆ ಥರ. ಕಾಲಿಟ್ರೆ ಹಲಗೆ ಪೂರಾ ಜಾರುತ್ತೆ. ಹಿಮ ಕಮ್ಮಿ ಅಂತ ನಂಬಬೇಡಿ. ನಾನು ಬರಲ್ಲ, ನೀವೂ ಹೋಗಬೇಡಿ.”

ವಿಡಿಯೊದಲ್ಲಿ ಈಗ ಯುವರಾಜ್ ಮಾತಾಡುತ್ತಿದ್ದ, ಕನ್ನಡದಲ್ಲಿ: “ಹಿಮ ಕಮ್ಮಿ ಅದೆ, ಗಟ್ಟಿ ಅದೆ. ಇವನಿಗೆ ಕಾಲು ನೋವಂತೆ, ಬರಲ್ವಂತೆ. ನಡೀರ್ಲಾ!”

ಹಿಂದಿನಿಂದ ಭೈರೇಶನ ದನಿ: “ಇನ್ನೊಂದ್ಸಲ ಸರಿಯಾಗಿ ಕೇಳ್ಲಾ.”

“ಕೇಳಿದೀನಿ ಕಣ್ಲಾ, ನಡಿ.”

ಪಂಚನಾಮೆ 5.05ಕ್ಕೆ ಮುಗಿಯಿತು. 5.50ಕ್ಕೆ ಶಿಫ್ಟ್ ಬಿಟ್ಟಾಗ ಕಾರ್ಖಾನೆಯ ಗೇಟಿನಲ್ಲೇ ಯುವರಾಜ್‌ನನ್ನು ಬಂಧಿಸಲಾಯಿತು. ಭೈರೇಶ್ ಮಾತು ಕೇಳಲಿಲ್ಲ ಎಂಬುದು ಸುಳ್ಳು ಎಂದು ಅವನು ಒಪ್ಪಿಕೊಂಡ. ಅದನ್ನು ಲಕ್ಷ್ಮೀಪತಿ ಬೇರೆ ಹಾಳೆಯಲ್ಲಿ ಬರೆದು, ಒಂದು ಪ್ರತಿ ನಾಗವೇಣಿಗೆ ತಲುಪಬೇಕೆಂದು ಸೂಚಿಸಿದರು.

“ಹಿಂದಿ ತಪ್ಪಾಗಿ ತಿಳೀತಾ?”

“ಇಲ್ಲ ಸಾರ್. ಚೆನ್ನಾಗೇ ತಿಳೀತು.”

“ಮತ್ಯಾಕ್ಲಾ?”

“ಹೋದ ವರ್ಷದ ಚಾರಣದಾಗೂ ಗೈಡು ಹಿಂಗೇ ಅಂದಿದ್ದ. ನಾನು ಎಲ್ರನ್ನೂ ವಾಪಸ್ ಕರ್ಕೊಂಡ್ ಬಂದೆ. ಒಂದು ಹಿಡಿ ಹಿಮಾನೂ ಜಾರ್ಲಿಲ್ಲ. ಅವತ್ತಿಂದ ನಾನು ಕ್ಯಾಂಟೀನಿಗೆ ಕಾಲಿಟ್ರೆ ಸಾಕು, ಫೋರ್ಕ್‌ಲಿಫ್ಟು ರಿವರ್ಸ್ ಬರೋ ಸದ್ದು ಮಾಡೋರು. ಪೀಂ, ಪೀಂ, ಪೀಂ. ಒಂದು ವರ್ಷ, ಸಾರ್.”

“ಯಾರ್ಯಾರು?”

“ಎಲ್ರೂ.” ಯುವರಾಜ್ ತಿದ್ದಿಕೊಂಡ. “ಭೈರೇಶ ಒಬ್ಬ ಮಾಡ್ತಿರ್ಲಿಲ್ಲ.”