ನಾಲಿಗೆಗೆ ಅಂಟಿದ ಎಲುಬು

ನಜಮಾ ನೀರು ತರಲು ಒಳಗೆ ಹೋದದ್ದೇ ತಡ, ಶೀಲಾ ಕಂದು ತುಂಡನ್ನು ಎತ್ತಿ ನಾಲಿಗೆಗೆ ಒತ್ತಿದಳು.

ಅಂಟಿತು. ಎಳೆದಾಗ ನಾಲಿಗೆಯ ತುದಿ ಜಗ್ಗಿತು.

ಬಿಳಿ ತುಂಡನ್ನು ಒತ್ತಿದಳು. ತಣ್ಣಗಿತ್ತು. ಅಂಟಲಿಲ್ಲ.

ಹಾಗಾದರೆ ಲೈಬ್ರರಿ ಪುಸ್ತಕದಲ್ಲಿ ಇದ್ದದ್ದು ನಿಜ. ಸಾವಿರಾರು ವರ್ಷ ಮಣ್ಣಿನಲ್ಲಿದ್ದು ಕಲ್ಲಾದ ಎಲುಬಿನಲ್ಲಿ ಸಣ್ಣ ಸಣ್ಣ ತೂತುಗಳು ಉಳಿದಿರುತ್ತವೆ. ಅವು ತೇವ ಹೀರುತ್ತವೆ, ಅದಕ್ಕೇ ನಾಲಿಗೆಗೆ ಅಂಟುತ್ತದೆ. ಬರೀ ಕಲ್ಲು ಅಂಟುವುದಿಲ್ಲ.

ಎರಡೂ ಸಿಕ್ಕಿದ್ದು ಹೋದ ಭಾನುವಾರ, ಬಾಗಲಕೋಟೆಯ ಹಿನ್ನೀರು ಸರಿದ ಜಾಗದಲ್ಲಿ. ಬಿಳಿಯದು ದಂಡೆಯ ಮೇಲೇ ಬಿದ್ದಿತ್ತು. ಎಲುಬಿನಂತೆಯೇ ತುದಿಯಲ್ಲಿ ಗಂಟು. ಶೀಲಾ ಬಗ್ಗಿ ಎತ್ತಿಕೊಂಡಿದ್ದಳು. ಕಂದು ತುಂಡಿಗಾಗಿ ನಜಮಾ ಮೊಣಕಾಲುದ್ದ ಕೆಸರಿಗೆ ಇಳಿದಿದ್ದಳು. ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು. ಅವ್ವ ಲಾಲಬಿಯಿಂದ ಏಟೂ ಬಿತ್ತು. ಅವತ್ತಿನಿಂದ ಅವಳು ಅಣ್ಣನ ದೊಡ್ಡ ಚಪ್ಪಲಿ ಹಾಕಿಕೊಂಡು ಪಟಪಟ ನಡೆಯುತ್ತಿದ್ದಳು.

ಶೀಲಾಳ ಮನೆಯಲ್ಲಿ ಎಲುಬು ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಎರಡೂ ನಜಮಾಳ ಮನೆಯಲ್ಲೇ ಉಳಿದವು.

ನಜಮಾ ನೀರಿನ ತಂಬಿಗೆ ಹಿಡಿದು ಬಂದಳು. "ನಾಳೆ ಸರ್‌ಗೆ ತೋರಸೂದೈತಿ. ಒಬ್ಬೊಬ್ಬರು ಒಂದೊಂದು ಒಯ್ಯೂಣು. ನೀನ ಮೊದಲ ಆರಿಸ್ಕೋ."

ನಿಜವಾದ ಹಳೇ ಎಲುಬು ತಂದವರನ್ನು ಧಾರವಾಡದ ಕಾಲೇಜಿಗೆ ಕರೆದೊಯ್ಯುವುದಾಗಿ ಪ್ರಾಣೇಶ ಸರ್ ಹೇಳಿದ್ದರು. ಒಬ್ಬರನ್ನು ಮಾತ್ರ.

"ನಂಗ ಕಂದು ತುಂಡ ಸಾಕು," ಎಂದಳು ಶೀಲಾ. "ಬಿಳೇದು ಖರೆ ಎಲುಬಿನಂಗ ಐತಿ. ನೀನ ಇಟ್ಕೋ."

ನಜಮಾಳ ಕಣ್ಣು ಅರಳಿದವು. "ಖರೇನ? ನೀ ಅದನ್ನ ಒಯ್ತಿ ಅಂತ ಎಷ್ಟ ಅಂಜಿದ್ದೆ! ಭಾಳ ಚಲೋಕಿ ನೀ."

ತನ್ನ ಪಾಲಿನ ಕರದಂಟನ್ನು ಮುರಿದು ಅರ್ಧ ಕೊಟ್ಟಳು. ಶೀಲಾ ಜಗಿದಳು. ಅದು ಹಲ್ಲಿಗೆ ಅಂಟಿಕೊಂಡು ಬಹಳ ಹೊತ್ತು ಹೋಗಲಿಲ್ಲ.

ಮರುದಿನ ನಜಮಾ ಬಿಳಿ ತುಂಡನ್ನು ಅವ್ವನ ಬಳೆ ಡಬ್ಬಿಯಲ್ಲಿ ಹತ್ತಿ ಹಾಸಿ ತಂದಿದ್ದಳು.

"ಲೇ, ಎಲುಬಿಗೆ ಹಾಸಿಗಿ ಹಾಸ್ಯಾಳ ನೋಡ್ರಲೇ!" ಎಂದ ಹಿಂದಿನ ಬೆಂಚಿನ ಅಕೀಲ.

ಪ್ರಾಣೇಶ ಸರ್ ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದರು. "ಆಕಾರ ನೋಡಿ ಮೋಸ ಹೋಗಬಾರದು. ಇದು ಬರೇ ಕಲ್ಲು ನೋಡವಾ."

"ಕಲ್ಲಿಗೂ ನಿದ್ದಿ ಬರ್ತೈತ್ರಿ ಸರ್!" ಎಂದ ಅಕೀಲ. ಕ್ಲಾಸೆಲ್ಲ ನಕ್ಕಿತು. ನಜಮಾ ಡಬ್ಬಿಯ ಮುಚ್ಚಳ ಹಾಕಿದಳು.

ಸರ್ ಶೀಲಾಳ ಕೈಯಿಂದ ಕಂದು ತುಂಡನ್ನು ಎತ್ತಿಕೊಂಡರು. ಅವರ ದನಿ ಬದಲಾಯಿತು. "ಇದು ಎಲುಬು! ಭಾಳ ಹಳೇದು. ದನದ ಜಾತಿ ಪ್ರಾಣಿದಿರಬೇಕು. ಲೆನ್ಸ್ ಇಲ್ಲದನೂ ಇದನ್ನ ಕಂಡುಹಿಡೀಬಹುದು. ಹೆಂಗ, ಯಾರಿಗರೆ ಗೊತ್ತದೇನು?"

ಶೀಲಾಳ ಕೈ ತಾನಾಗಿಯೇ ಮೇಲೆ ಹೋಯಿತು. "ನಾಲಿಗಿ ಹಚ್ಚಬೇಕ್ರಿ ಸರ್! ನಾ ನಿನ್ನೇನ ಹಚ್ಚಿ ನೋಡೇನ್ರಿ. ಕಂದು ತುಂಡ ಅಂಟ್ತು, ಬಿಳೇದು ಅಂಟಲಿಲ್ರಿ!"

"ಶಾಬಾಸ್! ಧಾರವಾಡಕ್ಕ ನೀನ ನಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಜಮಾ ತಟ್ಟಲಿಲ್ಲ. ಅವಳು ತನ್ನ ಕಾಲಿನ ದೊಡ್ಡ ಚಪ್ಪಲಿಗಳನ್ನು ನೋಡುತ್ತಿದ್ದಳು. 'ನಿನ್ನೇನ' ಎಂದು ತಾನೇ ಹೇಳಿಬಿಟ್ಟದ್ದು ಶೀಲಾಗೆ ಆಗ ಕೇಳಿಸಿತು.

ಶಾಲೆ ಬಿಟ್ಟಾಗ ಪಟಪಟ ಸದ್ದು ಮುಂದೆ ಮುಂದೆ ಹೋಯಿತು. ಎಷ್ಟು ಕೂಗಿದರೂ ನಿಲ್ಲಲಿಲ್ಲ.

ಸಂಜೆ ಶೀಲಾ ಕಂದು ಎಲುಬನ್ನು ಹಿಡಿದು ನಜಮಾಳ ಮನೆಗೆ ಬಂದಳು. ಬಿಳಿ ಕಲ್ಲು ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಾಗಿ ಬಿದ್ದಿತ್ತು.

"ಬಾರವಾ," ಎಂದಳು ಲಾಲಬಿ. "ಇಕಿಗೇನ ಆಗೇತಿ ಕೇಳು. ಸಾಲಿಯಿಂದ ಬಂದಾಗಿಂದ ಮಾತ ಆಡವಲ್ಲಳು."

ನಜಮಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಇದನ್ನ ಕೆಸರಾಗಿಂದ ತಗದಾಕಿ ನೀ," ಎಂದಳು ಶೀಲಾ. "ನಾಳೆ ಸರ್‌ಗೆ ಎಲ್ಲಾ ಹೇಳ್ತೇನಿ. ಬೈದ್ರ ಬೈಲಿ. ಧಾರವಾಡಕ್ಕ ನೀ ಹೋಗು."

ನಜಮಾ ಎಲುಬಿನ ಕಡೆ ನೋಡಲೇ ಇಲ್ಲ. ಸರ್ ಲೆನ್ಸ್ ಹಿಡಿದು ನೋಡಿದಷ್ಟು ಹೊತ್ತು ಶೀಲಾಳ ಮುಖವನ್ನೇ ನೋಡಿದಳು. ಶೀಲಾಗೆ ಕಣ್ಣು ತಗ್ಗಿಸಬೇಕು ಅನ್ನಿಸಿತು. ತಗ್ಗಿಸಲಿಲ್ಲ. ಎಲುಬನ್ನು ಇನ್ನಷ್ಟು ಮುಂದೆ ಚಾಚಿದಳು.

"ತಗೋ ನಜಮಾ."

"ಬ್ಯಾಡ. ನೀ ನಿನ್ನೇನ ಹೇಳಬೇಕಾಗಿತ್ತು."