ಗಂಗರಾಜು ಬರೆದ ಬೇರುಕೊಳೆ ಪ್ರಬಂಧ

“ಇಲ್ಲದ ಪ್ರಬಂಧನ ಹುಟ್ಟಿಸಿ ಬರೆದಿದೀಯ ಅಂತಿದಾರೆ ನಮ್ಮ ಗೈಡ್, ಆಂಟಿ. ನಾಳೆ ತೋರಿಸದಿದ್ರೆ ನನ್ನ ಪಿಎಚ್‌ಡಿ ಮುಗೀತು.”

ಜಂಗಮಕೋಟೆಯ ತನುಜ ನಮ್ಮ ಪಕ್ಕದ ಮನೆಯ ಜಾನಕಮ್ಮನವರೆದುರು ಹೀಗೆಂದಾಗ, ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದು, ಮಗನ ಯೂನಿಫಾರಂ ನೆನೆಹಾಕಿ ಆಗತಾನೇ ಅಲ್ಲಿ ಕೂತಿದ್ದೆ. ಜಾನಕಮ್ಮ ಚಿಕ್ಕಬಳ್ಳಾಪುರದ ಕಾಲೇಜೊಂದರ ನಿವೃತ್ತ ಲೈಬ್ರರಿಯನ್. ಬೀದಿಯಲ್ಲಿ ಏನು ಕಳೆದರೂ ಜನ ಬರುವುದು ಅವರ ಬಾಗಿಲಿಗೇ. ಲ್ಯಾಪ್‌ಟಾಪ್ ಕುಟ್ಟುವ ಕೆಲಸ ನನ್ನದು.

ಹಿಪ್ಪುನೇರಳೆಯ ಬೇರುಕೊಳೆಗೆ ಬೇವಿನ ಹಿಂಡಿ ಮದ್ದೆಂದು ಎ. ಗಂಗರಾಜು ಎಂಬವರು ಹಿಂದೆಯೇ ಬರೆದಿದ್ದರಂತೆ. ಈಗ ಅವರಿಲ್ಲ. ತನುಜ ತನ್ನ ಥೀಸಿಸ್‌ನಲ್ಲಿ ಅವರ ಹೆಸರು, ವರ್ಷ, ಮದ್ದು ಇಷ್ಟನ್ನೇ ಹೇಳಿದ್ದಳು. ಯಾರಿಗೂ ತೋರಿಸದೆ ಇಟ್ಟಿದ್ದ ಆ ಪ್ರಬಂಧದ ಜೆರಾಕ್ಸ್ ಲ್ಯಾಬಿನ ಕಪಾಟಿನಿಂದ ಕಾಣೆಯಾಗಿತ್ತು. ವೆಬ್‌ನಲ್ಲಿ ವಿಷಯ ಕೊಟ್ಟರೆ ಸಾವಿರಾರು ಪ್ರಬಂಧ, ಅರ್ಧಕ್ಕೆ ದುಡ್ಡಿನ ಬೀಗ. ಗಂಗರಾಜು ಎಂದು ಕೊಟ್ಟರೆ ಒಂದೂ ಇಲ್ಲ. ನನ್ನ ಕಣ್ಣು ಉರಿಯತೊಡಗಿತು.

ಕಪಾಟಿನ ಬೀಗದಕೈ ಇದ್ದದ್ದು ಗೈಡ್ ಚನ್ನಕೇಶವ ಮತ್ತು ಸಹಪಾಠಿ ಸುನೀಲನ ಬಳಿ. ಜಾನಕಮ್ಮ ಇಬ್ಬರಿಗೂ ಫೋನ್ ಮಾಡಿದರು. ತಾನೂ ಹುಡುಕಿ ಸೋತೆನೆಂದರು ಗೈಡ್. ಸುನೀಲ ಮರುಗಿದ: “ನಾನೂ ಹುಡುಕ್ದೆ ಮೇಡಂ. ಸಾದಲಿ ತೋಟದ ಆ ಪ್ರಯೋಗ ಎಲ್ಲೂ ಇಲ್ಲ. ಪಾಪ, ತನುಜಕ್ಕ.”

ಕೊನೆಗೆ ಜಾನಕಮ್ಮ ಗಂಗರಾಜು ಅವರ ಹೆಂಡತಿ ಆಂಜಿನಮ್ಮನಿಗೆ ಫೋನ್ ಮಾಡಿ ಆಕೆಯ ಮಾವನ, ಅಂದರೆ ಗಂಗರಾಜು ಅವರ ಅಪ್ಪನ ಹೆಸರು ಕೇಳಿದರು. ಮಾವನ ಹೆಸರನ್ನು ಬಾಯಲ್ಲಿ ಹೇಳುವುದು ಹೇಗೆಂದು ಆಕೆ ನಾಚಿ, ಫೋನನ್ನು ತಮ್ಮ ಪಕ್ಕದ ಮನೆಯ ಅಶ್ವತ್ಥಮ್ಮನ ಕೈಗಿತ್ತರು.

ಮರುದಿನ ಗೈಡ್ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಅಶ್ವತ್ಥಮ್ಮ ಹೇಳಿದ ಹೆಸರನ್ನೇ, ಆವುಲಪ್ಪ ಎಂದು, ನಾನು ಟೈಪಿಸಿದೆ. ಪ್ರಬಂಧ ತೆರೆದುಕೊಂಡಿತು.

“ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಅಂದ್ರೆ ಅಪ್ಪನ ಹೆಸರನ್ನ ಕೊನೇಲಿ ಬರೀತೀವಿ,” ಎಂದರು ಜಾನಕಮ್ಮ. “ಕೊನೇದೇ ಮನೆತನದ ಹೆಸರು ಅಂದ್ಕೊಂಡು ಕಂಪ್ಯೂಟರ್ ಗಂಗರಾಜು ಆವುಲಪ್ಪ ಅನ್ನೋರನ್ನ ‘ಜಿ. ಆವುಲಪ್ಪ’ ಮಾಡಿದೆ. ಅದು ಯಾರ ತಪ್ಪೂ ಅಲ್ಲ. ಜೆರಾಕ್ಸ್ ಕದ್ದಿದ್ದು ಮಾತ್ರ ತಪ್ಪು. ತೋಟ ಸಾದಲೀಲಿತ್ತು ಅನ್ನೋದು ಪ್ರಬಂಧದ ಒಳಗೆ ಮಾತ್ರ ಇದೆ. ಓದದೆ ನಿನಗೆ ಹೇಗಪ್ಪ ಗೊತ್ತಾಯ್ತು, ಸುನೀಲ?”

ಸುನೀಲ ತಲೆ ತಗ್ಗಿಸಿದ. ಬೇವಿನ ಹಿಂಡಿಯ ಮದ್ದು ತನ್ನದೇ ಮೊದಲ ಶೋಧವೆಂದು ಅವನ ಥೀಸಿಸ್ ಹೇಳುತ್ತಿತ್ತು. ಗಂಗರಾಜು ಅವರ ಪ್ರಬಂಧ ಸಿಕ್ಕರೆ ಆ ಮಾತು ಬಿದ್ದುಹೋಗುತ್ತಿತ್ತು.

ಚನ್ನಕೇಶವ ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. “ನಿನ್ನ ಥೀಸಿಸ್‌ನ ಯೂನಿವರ್ಸಿಟಿಗೆ ಕಳಿಸ್ತೀನಿ ಬಿಡಮ್ಮ,” ಎಂದರು ತನುಜಳಿಗೆ.

“ಸುಳ್ಳುಗಾತಿ ಅಂತ ತುಂಬಿದ ಲ್ಯಾಬಲ್ಲಿ ಅಂದ್ರಲ್ಲ ಸರ್, ಇದನ್ನೂ ಅಲ್ಲೇ ಹೇಳಿ,” ಎಂದಳು ತನುಜ.

ಅವರು ಕನ್ನಡಕ ಹಾಕಿಕೊಂಡು, ಎದ್ದು ಲ್ಯಾಬಿನ ಕಡೆ ನಡೆದರು.