ಹನ್ನೊಂದನೇ ಪುಟದ ಓಟು

ತಲೆ ಕೆಳಗೆ. ಕಾಲು ಮೇಲೆ.

ನನ್ನ ಎರಡು ಪಾದಗಳನ್ನು ಇಬ್ಬರು ಹಿಡಿದಿದ್ದರು. ಮಿಕ್ಕ ನಾನೆಲ್ಲ ಕಲ್ಲುಕ್ವಾರಿಯ ಅಂಚಿನಾಚೆ ತೂಗುತ್ತಿದ್ದೆ. ಎಂಬತ್ತು ಅಡಿ ಕೆಳಗೆ ಒಡೆದ ಕಲ್ಲು. ಜೇಬಿನಿಂದ ಜಾರಿದ ನನ್ನ ಫೌಂಟನ್ ಪೆನ್ನು ಬಿದ್ದ ಸದ್ದಿಗಾಗಿ ಕಿವಿಗೊಟ್ಟೆ.

ಕೇಳಿಸಲೇ ಇಲ್ಲ...

"ಪಾಸ್‌ಪೋರ್ಟ್ ಎಲ್ಲೈತೆ ಹೇಳಲೇ ಮುದುಕ!"

"ಮೊದ್ಲು ಮೇಲಕ್ಕೆ ಎಳೀರಪ್ಪ. ತಲೆಕೆಳಗಾದ್ರೆ ನಂಗೆ ಜ್ಞಾಪಕ ಬರಲ್ಲ."

"ಜೋಕ್ ಮಾಡ್ತಾನೆ ನೋಡಣ್ಣ!"

ಆ ಅಣ್ಣ ಜುಂಜಯ್ಯ. ಮೂರು ಲಾರಿಗಳ ಮಾಲೀಕ. ಬೀಡಿ ಸೇದುತ್ತ ಜೀಪಿಗೆ ಒರಗಿ ನಿಂತಿದ್ದ. ಒಂದು ತಿಂಗಳ ಹಿಂದೆ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಸೋತಿದ್ದ.

ಒಂದೇ ಒಂದು ಓಟಿನಿಂದ!

"ಜಂಪಣ್ಣೋರೇ, ನಿಮ್ ಮ್ಯಾಲೆ ನಂಗೇನೂ ದ್ವೇಷ ಇಲ್ರಿ" ಎಂದ. "ಆ ಸಿಲೋನ್ ಹೆಂಗಸಿನ ಪಾಸ್‌ಪೋರ್ಟ್ ಕೊಡ್ರಿ. ಕಾಫಿ ಕುಡ್ಸಿ ಮನೆಗೆ ಬಿಡ್ತೀನಿ."

"ಸಕ್ಕರೆ ಕಮ್ಮಿ ಹಾಕ್ಸು."

ನನ್ನ ಎಡಗಾಲನ್ನು ಬಿಟ್ಟರು.

ನಾನು ಯಾರೆಂದು ಕೇಳಿದಿರಲ್ಲವೆ? ಹೇಳುತ್ತೇನೆ. ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆ. ಅದರಲ್ಲಿ ಹದಿನಾರು ವರ್ಷ ವಿದೇಶಿಯರ ಕಡತ ಬರೆದವನು. ನಿವೃತ್ತಿಯ ನಂತರ ಅದೇ ಕಡತಗಳನ್ನು ಹೊರಗಿನಿಂದ ದೂಡುವವನು. ನಾನು ಬರೆದ ಅರ್ಜಿ ತಪ್ಪಿನ ಕಾರಣಕ್ಕೆ ಒಮ್ಮೆಯೂ ವಾಪಸು ಬಂದದ್ದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಈ ಕತೆಯಲ್ಲಿ ಹೆಮ್ಮೆಯ ಮಾತು ಇದೊಂದೇ.

ಅವಳ ಹೆಸರು ಕುಸುಮಾವತಿ. ಶ್ರೀಲಂಕಾದ ಟೀ ತೋಟದ ಹುಡುಗಿ. ಕುವೈತಿನಲ್ಲಿ ಮನೆಗೆಲಸಕ್ಕಿದ್ದಳು. ಅಲ್ಲಿ ಮೆಕ್ಯಾನಿಕ್ ಆಗಿದ್ದ ಕೊಟ್ರೇಶನಿಗೆ ಒಲಿದಳು. ತೊಂಬತ್ತೈದರಲ್ಲಿ ಹೊಳಲ್ಕೆರೆ ತಾಲೂಕಿನ ತಾಳ್ಯದ ಆಚೆಗಿನ ಒಂದು ಹಳ್ಳಿಗೆ ಸೊಸೆಯಾಗಿ ಬಂದಳು. ಊರಿನ ಹೆಸರು ಬೇಡ. ಮದುವೆ ನೋಂದಣಿಯಾಯಿತು. ವಾಸದ ಪರವಾನಗಿ ಸಿಕ್ಕಿತು. ಕಾವ್ಯ ಎಂಬ ಮಗಳು ಹುಟ್ಟಿದಳು. ಎರಡು ಸಾವಿರದ ಮಾರ್ಚಿಗೆ ಐದು ವರ್ಷ ತುಂಬಿತು. ಗಂಡನ ಕಡೆಯಿಂದ ಭಾರತದ ಪೌರತ್ವಕ್ಕೆ ಅರ್ಜಿ ಹಾಕುವ ಹಕ್ಕು ಬಂತು.

ಸುಲಭದ ಕೆಲಸ ಎಂದುಕೊಂಡು ಒಪ್ಪಿದೆ.

ಆಗ ಅವಳು ಎಡಗೈಯ ತೋರುಬೆರಳನ್ನು ನನ್ನ ಮೇಜಿನ ಮೇಲಿಟ್ಟಳು. ಉಗುರಿನ ಬುಡದಲ್ಲಿ ಕಪ್ಪು ಗೆರೆ.

ಓಟಿನ ಶಾಯಿ!

"ಏನಮ್ಮ ಇದು?"

"ನಾನು ಬ್ಯಾಡ ಅಂದೆ ಸಾರ್. ಮಾವ ಕೈ ಹಿಡ್ಕಂಡು ಕರ್ಕಂಡೋದ್ರು. ಈ ಮನೆ ಸೊಸೆಗೆ ಓಟಿಲ್ಲ ಅಂದ್ರೆ ನಂಗೇನು ಮರ್ಯಾದೆ ಅಂದ್ರು."

ಮಾವ ಎಂದರೆ ಕಾಟಲಿಂಗಪ್ಪ. ಚುನಾವಣೆಗೆ ನಿಂತಿದ್ದವನು. ಒಂದು ಓಟಿನಿಂದ ಗೆದ್ದವನು.

ನಮ್ಮ ಕಡೆ ಹೊಸ ಸೊಸೆ ಹೊಸ್ತಿಲಿನ ಸೇರಕ್ಕಿ ಒದ್ದು ಒಳಬಂದ ದಿನವೇ ಅವಳಿಗೆ ಮನೆದೇವರ ಹೆಸರಿಡುವ ಮನೆಗಳಿವೆ. ಕಾಟಲಿಂಗಪ್ಪ ಅವಳನ್ನು ಪಾಲಮ್ಮ ಎಂದು ಕರೆದ. ರೇಷನ್ ಕಾರ್ಡಿನಲ್ಲಿ ಪಾಲಮ್ಮ. ಮತದಾರರ ಪಟ್ಟಿಯಲ್ಲಿ ಪಾಲಮ್ಮ. ಪ್ರೀತಿಯಿಂದಲೇ ಬರೆಸಿದ. ವಿದೇಶಿಯಳು ಓಟು ಹಾಕುವುದು ಅಪರಾಧ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಅವನ ಪಾಲಿಗೆ, ಹೊಸ್ತಿಲು ದಾಟಿದ ದಿನವೇ ಅವಳು ಊರಿನವಳಾಗಿದ್ದಳು.

ಸರ್ಕಾರದ ಹೊಸ್ತಿಲು ಬೇರೆ, ಸ್ವಾಮಿ.

ಪಟ್ಟಿಯ ಪಾಲಮ್ಮನೇ ಪಾಸ್‌ಪೋರ್ಟಿನ ಕುಸುಮಾವತಿ ಎಂದು ರುಜುವಾತಾದರೆ ಅರ್ಜಿ ಸತ್ತಿತು. ಪರವಾನಗಿ ರದ್ದು. ದೇಶ ಬಿಡು ಎಂಬ ನೋಟೀಸು. ನಾಲ್ಕು ವರ್ಷದ ಮಗಳು ಇತ್ತ, ತಾಯಿ ಅತ್ತ.

ಆ ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಸೇರಬಾರದು. ನನ್ನ ಕೆಲಸ ಅಷ್ಟೇ.

"ಇದು ಅಪರಾಧ ಅಂತ ಮಾವಗೆ ಹೇಳಾಣ್ವಾ ಸಾರ್?" ಎಂದು ಕೇಳಿದಳು.

"ಬೇಡ. ಹೇಳಿದ್ರೆ ಹೋಗಿ ಜುಂಜಯ್ಯನ ಕೊರಳಪಟ್ಟಿ ಹಿಡೀತಾನೆ. ಬಾಯಿ ಮುಚ್ಕಂಡಿರು."

ಗುಟ್ಟು ಎಂಬುದು ನನ್ನ ವೃತ್ತಿಯ ಹಳೆಯ ಚಾಳಿ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಕ್ವಾರಿಗೆ ಬನ್ನಿ. ನಾನು ಒಂದೇ ಕಾಲಿನಲ್ಲಿ ತೂಗುತ್ತಿದ್ದೇನೆ!

ಅಂದು ಸೋಮವಾರ. ಚುನಾವಣೆಯನ್ನು ಪ್ರಶ್ನಿಸಿ ಹೊಳಲ್ಕೆರೆ ಕೋರ್ಟಿಗೆ ಹೋಗಲು ಜುಂಜಯ್ಯನಿಗೆ ಅದೇ ಕೊನೆಯ ದಿನ. ಆ ಒಂದು ಓಟು ವಿದೇಶಿಯಳದ್ದೆಂದು ತೋರಿಸಲು ಸಂಜೆಯೊಳಗೆ ಅವನ ಕೈಗೆ ಪಾಸ್‌ಪೋರ್ಟು ಬೇಕಿತ್ತು.

ಅದು ನನ್ನ ಬಳಿ ಇರಲಿಲ್ಲ. ಸಿರಿಗೆರೆ ಬಸ್ಸಿನಲ್ಲಿ, ಕಾಲೇಜು ಹುಡುಗಿಯರ ನಡುವೆ, ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದ ಕುಸುಮಾಳ ರವಿಕೆಯೊಳಗಿತ್ತು. ನಾನು ಬರೆದ ಅರ್ಜಿಯೂ ಅವಳ ಚೀಲದಲ್ಲೇ. ನಾನು ಖಾಲಿ ಕೈಚೀಲ ತೂಗುಹಾಕಿಕೊಂಡು ಬೈಕಿನಲ್ಲಿ ಕ್ವಾರಿ ಕಡೆಯ ದಾರಿ ಹಿಡಿದಿದ್ದೆ. ಅವರು ನನ್ನ ಬೆನ್ನು ಹತ್ತಲಿ ಎಂದೇ.

ಹತ್ತಿದರು. ಇಷ್ಟು ಚೆನ್ನಾಗಿ ಹತ್ತುತ್ತಾರೆಂದು ಎಣಿಸಿರಲಿಲ್ಲ.

ಆಗ ಸೀಟಿ ಊದಿತು. ಎದುರು ದಂಡೆಯಲ್ಲಿ ಕೆಂಪು ಬಾವುಟ ಎದ್ದಿತು.

"ಮದ್ದು ಇಟ್ಟವ್ರೆ! ಓಡ್ರಪ್ಪೋ!"

"ಅಣ್ಣಾ, ಏನ್ಮಾಡಾಣ? ಬಿಟ್‌ಬಿಡ್ಲಾ?"

"ಎಳ್ಕಳ್ರಲೇ! ಸತ್ರೆ ನನ್ ತಲೆಗೆ ಬರ್ತೈತೆ!"

ಅವರು ನನ್ನನ್ನು ಎಳೆದು ಎಸೆದು ಜೀಪಿನತ್ತ ಓಡಿದರು. ನಾನು ನನ್ನ ರಾಜದೂತ್ ಬೈಕಿನತ್ತ ಓಡಿದೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಮನುಷ್ಯ ಎಷ್ಟು ವೇಗವಾಗಿ ಓಡಬಲ್ಲ ಎಂಬುದು ಅಂದು ತಿಳಿಯಿತು.

ಹಿಂದೆ ಢಂ ಎಂದಿತು. ಬೆನ್ನಿನ ಮೇಲೆ ಕಲ್ಲುಪುಡಿ ಸುರಿಯಿತು.

ಚಿತ್ರದುರ್ಗದ ರಸ್ತೆ. ಮುಂದೆ ಅದಿರಿನ ಲಾರಿಗಳ ಸಾಲು. ಹಿಂದೆ ಜೀಪಿನ ಹಾರ್ನು. ಎರಡು ಲಾರಿಗಳ ನಡುವೆ ನುಗ್ಗಿದೆ. ನನ್ನ ಮೊಣಕೈಯ ಚರ್ಮ ಒಂದು ಲಾರಿಯ ಬದಿಗೆ ಅಂಟಿ ಉಳಿಯಿತು. ಎದುರಿಗೆ ರೈಲ್ವೆ ಗೇಟು ಇಳಿಯುತ್ತಿತ್ತು...

ಪೆಟ್ರೋಲ್ ಟ್ಯಾಂಕಿನ ಮೇಲೆ ಎದೆಯೂರಿ ಮಲಗಿದೆ. ಗೇಟು ನನ್ನ ಅಂಗಿಯ ಕಾಲರನ್ನು ಕಿತ್ತುಕೊಂಡಿತು. ತಲೆಯನ್ನು ಬಿಟ್ಟಿತು.

ಹಿಂದೆ ಗೂಡ್ಸ್ ರೈಲು ಹಾದು ಹೋಗುತ್ತಲೇ ಇತ್ತು. ಜುಂಜಯ್ಯನ ಬೈಗುಳ ಒಂದೊಂದು ಡಬ್ಬಿಯ ಸಂದಿಯಿಂದಲೂ ತುಂಡುತುಂಡಾಗಿ ಕೇಳಿಸಿತು.

ಡಿಸಿ ಆಫೀಸಿನ ಬೇವಿನ ಮರದ ಕೆಳಗೆ ಕುಸುಮಾ ನಿಂತಿದ್ದಳು. ಕೈಯಲ್ಲಿ ಸ್ವೀಕೃತಿ ಚೀಟಿ.

"ಕೊಟ್ಟೆ ಸಾರ್! ಸೀಲ್ ಹಾಕಿ ತಗಂಡ್ರು. ಅಯ್ಯೋ... ರಕ್ತ!"

"ಕಾಗದಕ್ಕೆ ತಾಗಿಲ್ಲ ತಾನೇ? ಹಂಗಾದ್ರೆ ಸರಿ."

ಅವಳು ನಕ್ಕಳು. ಆ ಹೆಂಗಸು ಹೆದರದೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಕಾವ್ಯಾ, ನಿಮ್ಮಮ್ಮ ಇನ್ನು ಇಲ್ಲಿಯೋಳೇ ಆಗ್ತಾಳೆ" ಎಂದೆ.

"ಇಷ್ಟು ದಿನ ಎಲ್ಲಿಯೋಳು?" ಎಂದಿತು ಮಗು.

ಜುಂಜಯ್ಯ ರುಜುವಾತಿಲ್ಲದೆಯೇ ದಾವೆ ಹೂಡಿದ. ಮೂರು ತಿಂಗಳಿಗೆ ಅದು ವಜಾ ಆಯಿತು. ಗೆದ್ದೆ ಎಂದುಕೊಂಡೆ. ಆ ದಿನ ಎರಡು ಲೋಟ ಕಾಫಿ ಕುಡಿದೆ.

ಮರುವಾರ ಡಿಸಿ ಆಫೀಸಿನಿಂದ ಫೋನು. ಗುಮಾಸ್ತೆ ಉಷಾರಾಣಿ. ನನ್ನ ಕಾಲದಲ್ಲಿ ಟೈಪಿಸ್ಟ್ ಆಗಿದ್ದವಳು.

"ಸಾರ್, ಒಂದ್ಸಲ ಬಂದು ಹೋಗ್ರಿ."

ಹೋದೆ. ಅವಳು ಕಡತ ತೆರೆದು ನನ್ನ ಕಡೆ ತಿರುಗಿಸಿದಳು. ನಾನು ಬರೆದು ಕಟ್ಟಿದ ಅರ್ಜಿಗೆ ಹತ್ತು ಪುಟ.

ಅಲ್ಲಿ ಹನ್ನೊಂದನೇ ಪುಟವಿತ್ತು!

ಪಂಚಾಯ್ತಿ ಸದಸ್ಯರ ಹೊಸ ಲೆಟರ್‌ಹೆಡ್. ಕಾಟಲಿಂಗಪ್ಪನ ಸಹಿ, ನೀಲಿ ಮೊಹರು. 'ಶ್ರೀಮತಿ ಕುಸುಮಾವತಿ ಉರುಫ್ ಪಾಲಮ್ಮ ನನ್ನ ಸೊಸೆಯಾಗಿದ್ದು, ಎರಡೂ ಹೆಸರುಗಳು ಇವರವೇ ಆಗಿರುತ್ತವೆ. ಇವರು ನಮ್ಮ ಗ್ರಾಮದ ಕಾಯಂ ನಿವಾಸಿ ಎಂಬುದಕ್ಕೆ ಮತದಾರರ ಪಟ್ಟಿಯನ್ನು ಲಗತ್ತಿಸಿದೆ. ಈ ಬಾರಿ ಮತವನ್ನೂ ಚಲಾಯಿಸಿರುತ್ತಾರೆ.'

ಜೊತೆಗೆ ಪಿನ್ ಚುಚ್ಚಿದ ಪಟ್ಟಿ. ಅವಳ ಹೆಸರಿನ ಕೆಳಗೆ ಕೆಂಪು ಗೆರೆ. ಕಣ್ಣಿಗೆ ಬೀಳಲಿ ಎಂದು.

"ಯಾವಾಗ ಕೊಟ್ಟಿದ್ದು?"

"ನೀವು ಅರ್ಜಿ ಹಾಕ್ಸಿದ ಮಾರನೇ ದಿನ ಸಾರ್. ಸಾಹೇಬ್ರು ನೋಡಿ ಆಗೋಗೈತೆ."

ಎಂಬತ್ತು ಅಡಿ ಎತ್ತರದಿಂದ ತೂಗಿದಾಗ ನನಗೆ ತಲೆ ಸುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಸುತ್ತಿತು.

ಸಂಜೆಯೊಳಗೆ ಹಳ್ಳಿ ತಲುಪಿದೆ. ಕಾಟಲಿಂಗಪ್ಪ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಮುಖ ಅರಳಿಸಿದ.

"ಬರ್ರಿ ಬರ್ರಿ ಜಂಪಣ್ಣೋರೇ! ಕುಂತ್ಕಳ್ರಿ. ನೀವು ಎಷ್ಟೇ ಓದ್ದೋರಾದ್ರೂ ಒಂದು ಮರ್ತಿದ್ರಿ ನೋಡ್ರಿ. ಅವಳು ಐದು ವರ್ಷದಿಂದ ಇಲ್ಲೇ ಅವ್ಳೆ ಅನ್ನಾಕೆ ಊರಿನ ಸಾಕ್ಷಿನೇ ಇಟ್ಟಿರ್ಲಿಲ್ಲ. ನಾನೇ ಹೋಗಿ ಕೊಟ್ಟು ಬಂದೆ. ಮೆಂಬರ್ ಆದ ಮ್ಯಾಲೆ ಮೊದಲ್ನೇ ಸಹಿ! ಅದನ್ನ ಸೊಸೆಗೇ ಹಾಕ್ದೆ."

ಒಳಬಾಗಿಲಲ್ಲಿ ಕುಸುಮಾ ನಿಂತಿದ್ದಳು. ನನ್ನ ಮುಖ ನೋಡಿದಳು. ಎಲ್ಲವನ್ನೂ ಓದಿಕೊಂಡಳು.

ಬೈಯುತ್ತಾಳೆ ಎಂದುಕೊಂಡೆ. ಬೈಯಬೇಕಿತ್ತು.

"ಮಾವಗೆ ಏನೂ ಹೇಳ್ಬ್ಯಾಡ್ರಿ ಸಾರ್" ಎಂದಳು, ಮೆಲ್ಲಗೆ. "ಕಾಫಿ ತರ್ತೀನಿ."

ಮೂರು ಮೇಲ್ಮನವಿ ಬರೆದೆ. ನನ್ನ ಜೀವಮಾನದ ಶ್ರೇಷ್ಠ ಬರವಣಿಗೆ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಮೂರೂ ವಾಪಸು ಬಂದವು. ಎರಡು ಸಾವಿರದ ಒಂದು, ಜನವರಿ. ನೋಟೀಸು ಅವಳ ಹೆಸರಿಗೆ ಬಂತು. ಎರಡೂ ಹೆಸರಿಗೆ.

ಹೊಳಲ್ಕೆರೆ ಬಸ್ ಸ್ಟ್ಯಾಂಡು. ಅವಳನ್ನು ವಿಮಾನ ಹತ್ತಿಸಿ ಬರಲು ಕೊಟ್ರೇಶ ಟ್ರಂಕು ಹೊತ್ತಿದ್ದ. ಅಜ್ಜನ ಕೈ ಹಿಡಿದ ಕಾವ್ಯಳಿಗೆ ಮಾತ್ರ ಟಿಕೆಟ್ಟಿರಲಿಲ್ಲ.

"ಅಲ್ಲಿ ನಂಗ್ಯಾರವ್ರೆ ಸಾರ್? ತೋಟದ ಕೂಲಿಗೇ ಹೋಗ್ಬೇಕು. ಇದು ಇಲ್ಲೇ ಓದ್ಲಿ" ಎಂದಳು ಕುಸುಮಾ. ಬಸ್ಸು ಹತ್ತುವಾಗ ಮಗಳತ್ತ ತಿರುಗಲಿಲ್ಲ.

ಕಾಟಲಿಂಗಪ್ಪ ನನ್ನ ತೋಳು ಹಿಡಿದ.

"ವೀಸಾ ಬದಲಾಯ್ಸಿಕೊಂಡು ಬರ್ತಾಳೆ ಅಲ್ವೇನ್ರಿ? ಎಷ್ಟು ದಿನ ಆಗ್ತೈತೆ?"

"ಸ್ವಲ್ಪ ದಿನ" ಎಂದೆ.

ಆಗಲೂ ಹೇಳಲಿಲ್ಲ. ಹಳೆಯ ಚಾಳಿ.

ಅವನು ಐದು ವರ್ಷ ಪೂರ್ತಿ ಮೆಂಬರ್ ಆಗಿದ್ದ. ಅವಳ ಓಟು ಅವನನ್ನು ಆ ಕುರ್ಚಿಯಲ್ಲಿ ಕೂರಿಸಿತ್ತಲ್ಲ... ದೇಶ ಬಿಡುವ ನೋಟೀಸು ಅವಳಿಗೆ ಬಂತೇ ಹೊರತು, ಅವಳ ಓಟಿಗೆ ಬರಲಿಲ್ಲ!